ಅವಳಿಗೆ ಇಷ್ಟವಿಲ್ಲ

ಮಾರ್ಚ್ ೪, ಸೋಮವಾರ

ಗುಬ್ಬಿ,

ದ್ವೀಪಕ್ಕೆ ಬಂದು ಮುಟ್ಟಿದ್ದೇನೆ. ದೋಣಿಯಲ್ಲಿ ಮೂರು ಗಂಟೆ. ಎದುರಿಗೆ ಕೂತಿದ್ದ ಹೊಸ ಜೋಡಿ ಅರ್ಧ ದಾರಿಯವರೆಗೆ ಒಬ್ಬರ ಫೋಟೊ ಒಬ್ಬರು ತೆಗೆದುಕೊಂಡಿತು, ಉಳಿದರ್ಧ ದಾರಿ ಒಟ್ಟಿಗೇ ವಾಂತಿ ಮಾಡಿತು. ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ಹೆಡ್ ನರ್ಸ್ ಆಗಿದ್ದವಳಿಗೆ ನಿವೃತ್ತಿಯ ಮೊದಲ ವಾರವೇ ಇನ್ನೊಬ್ಬರ ಚೀಲ ಹಿಡಿಯುವ ಭಾಗ್ಯ.

ಆಸ್ಪತ್ರೆಯ ಅಧ್ಯಕ್ಷರು ಬೀಳ್ಕೊಡುಗೆಯ ದಿನ ಮೈಕು ಹಿಡಿದು 'ನಮ್ಮ ಸಿಸ್ಟರ್‌ಗೆ ಸಮುದ್ರ ತೀರದಲ್ಲಿ ಐದು ವಾರ ವಿಶ್ರಾಂತಿ' ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಈಗ ಗುಟ್ಟು ಗೊತ್ತಾಯಿತು. ರೆಸಾರ್ಟ್ ಅವರದ್ದೇ. ಹನ್ನೆರಡು ಕುಟೀರಗಳಲ್ಲಿ ಎಂಟು ಖಾಲಿ. ನನಗೆ ಸಿಕ್ಕಿರುವುದು ಎಂಟನೆಯದು. ಬಾಗಿಲು ಉಬ್ಬಿದೆ, ಭುಜ ಕೊಟ್ಟು ತಳ್ಳಬೇಕು. ಯಾರಿಗೂ ಬೇಡದ್ದನ್ನು ಉಡುಗೊರೆ ಮಾಡುವುದಕ್ಕೂ ಒಂದು ತರಬೇತಿ ಬೇಕು.

ಇಲ್ಲಿ ಮಾರುವ ಸರಕು ಮೌನ. ಒಳಗೆ ಕಾಲಿಡುತ್ತಿದ್ದಂತೆ ಮೊಬೈಲನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬೀಗ ಹಾಕಿಬಿಟ್ಟರು. ಮ್ಯಾನೇಜರ್ ಮಾತಾಡುವುದೇ ಇಲ್ಲ, ಪಿಸುಗುಟ್ಟುತ್ತಾನೆ. "ಮೇಡಂ, ಬೇಕಂದ್ರೆ ಕಾಗದ ಬರೀಬಹುದು. ಮಂಗಳವಾರ, ಶುಕ್ರವಾರ ಟಪಾಲು ದೋಣಿ ಬರತ್ತೆ," ಅಂತ ನನ್ನ ಕಿವಿಗೆ ಗಾಳಿ ಊದಿದ. ನಾನು ಇಡೀ ಅಂಗಳಕ್ಕೆ ಕೇಳುವ ಹಾಗೆ "ಜೋರಾಗಿ ಹೇಳಪ್ಪಾ, ಇಲ್ಲಿ ಯಾರಿಗೂ ಜ್ವರ ಬಂದು ಮಲಗಿಲ್ಲ," ಅಂದೆ. ಪಾಪ, ತೆಂಗಿನ ಮರದ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ಒಬ್ಬಾತ ಬೆಚ್ಚಿಬಿದ್ದು ಕುರ್ಚಿಯಿಂದ ಜಾರಿದ.

ನನಗೆ ಇದೆಲ್ಲ ಬೇಡವೇ ಬೇಡ ಅಂದಿದ್ದೆ. ನೀನೇ ಹಟ ಹಿಡಿದು ಪೆಟ್ಟಿಗೆ ತುಂಬಿದೆ. ನನ್ನ ಮೇಲೆ ನಿನಗಿರುವ ಪ್ರೀತಿಗೆ ಐದು ವಾರ ಸಹಿಸಿಕೊಳ್ಳುತ್ತೇನೆ.

ಬೀಳ್ಕೊಡುಗೆಯಲ್ಲಿ ಕೊಟ್ಟ ಗೋಡೆ ಗಡಿಯಾರ ನಾನು ಹೊರಡುವಾಗಲೇ ಹಿಂದೆ ಬೀಳುತ್ತಿತ್ತು. ಹಾಗಂತ ಅದನ್ನು ಹೊತ್ತುಕೊಂಡು ಆ ಮುಳ್ಳಪ್ಪನ ಅಂಗಡಿಗೆ ಹೋಗಬೇಡ. ನಿನ್ನ ಕನ್ನಡಕದ ಅಂಗಡಿಯ ಬೀದಿಯಲ್ಲೇ ಬಂದು ಕೂತಿದ್ದಾನಂತಲ್ಲ ಈಗ. ಗಡಿಯಾರದ ಮುಳ್ಳು ಜೋಡಿಸುತ್ತಲೇ ಮುದುಕನಾದವನು, ಪಾಪ.

ಔಷಧಿ ಡಬ್ಬದಲ್ಲಿ ನಿನ್ನ ಬಿ.ಪಿ. ಮಾತ್ರೆ ವಾರಕ್ಕೆ ವಿಂಗಡಿಸಿಟ್ಟಿದ್ದೇನೆ. ನೀನಾಗಿ ನೀನು ಒಂದನ್ನೂ ಜ್ಞಾಪಕ ಇಟ್ಟುಕೊಳ್ಳುವವಳಲ್ಲ.

ಅಕ್ಕ


ಮಾರ್ಚ್ ೮, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಮ್ಯಾನೇಜರನ್ನು ಅಷ್ಟು ಹೆದರಿಸಬೇಡ, ಊಟ ಕೊಡುವವನು ಅವನೇ.

ಇಲ್ಲಿ ಎಲ್ಲ ಎಂದಿನಂತೆ. ಮಕ್ಕಳ ಪರೀಕ್ಷೆಯ ಕಾಲವಾದ್ದರಿಂದ ಅಂಗಡಿಯಲ್ಲಿ ಜನ. ಎಲ್ಲ ತಾಯಂದಿರಿಗೂ ಇದ್ದಕ್ಕಿದ್ದಂತೆ ತಮ್ಮ ಮಕ್ಕಳಿಗೆ ಕಪ್ಪು ಹಲಗೆ ಕಾಣಿಸುತ್ತಿಲ್ಲ ಎಂದು ಗೊತ್ತಾಗಿದೆ. ದಿನಕ್ಕೆ ನಲವತ್ತು ಜೊತೆ ಕಣ್ಣು ನೋಡುತ್ತೇನೆ. ಸಂಜೆ ಬಂದು ನನ್ನ ಬೀರು ಖಾಲಿ ಮಾಡುತ್ತಿದ್ದೇನೆ. ಹಳೆಯ ಬಟ್ಟೆ, ಪುಸ್ತಕ, ಎಲ್ಲ ಬೇರೆ ಬೇರೆ ಮಾಡಿ ಪೆಟ್ಟಿಗೆಗೆ ಹಾಕುತ್ತಿದ್ದೇನೆ.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೇಗ ಹೊರಡಬೇಡ, ಐದು ವಾರವೂ ಪೂರ್ತಿ ಇದ್ದು ಬಾ.

ಗಡಿಯಾರ ರಿಪೇರಿಯವರನ್ನು ಹಾಗೆ ಕರೆಯಬೇಡ ಅಕ್ಕಾ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ.

ನಿನ್ನ ಗುಬ್ಬಿ


ಮಾರ್ಚ್ ೧೪, ಗುರುವಾರ

ಗುಬ್ಬಿ,

ಅಂತೂ ಬೀರುವಿಗೆ ಮುಕ್ತಿ ಬಂತು! ಹತ್ತು ವರ್ಷದಿಂದ ಬಡಿದುಕೊಂಡೆ, ಈಗ ನಾನು ಬೆನ್ನು ತಿರುಗಿಸಿದ ಮೇಲೆ ಕಿವಿಗೆ ಬಿತ್ತೇನೋ. ಆ ನೀಲಿ ಸ್ವೆಟರನ್ನು ಯಾರಿಗಾದರೂ ಕೊಟ್ಟುಬಿಡು. ನಿನ್ನ ಬಣ್ಣಕ್ಕೆ ಅದು ಯಾವತ್ತೂ ಒಪ್ಪಲಿಲ್ಲ.

ಮುಳ್ಳಪ್ಪನ ವಿಷಯದಲ್ಲಿ ನಿನಗ್ಯಾಕೆ ಅಷ್ಟು ಉರಿ? ಹೆಂಡತಿ ಹೋದ ಮೇಲೆ ಅವನು ಬೀದಿಯವರ ಕರುಣೆಯಲ್ಲಿ ಬದುಕುತ್ತಿದ್ದಾನೆ ಅಂತ ಕಾಣುತ್ತದೆ. ಆ ಪಟ್ಟಿಯಲ್ಲಿ ನೀನೂ ಸೇರಿಕೊಂಡೆಯಾ? ನಿನಗೆ ಯಾರ ಮುಖ ಬಾಡಿದ್ದರೂ ಕರುಳು ಚುರಕ್ ಅನ್ನುತ್ತದೆ. ಅದಕ್ಕೇ ಜನ ನಿನ್ನ ತಲೆ ಮೇಲೆ ಕೂರುತ್ತಾರೆ.

ಇಲ್ಲಿಯ ಸಮಾಚಾರ ಕೇಳು. ಬೆಳಿಗ್ಗೆ ಆರಕ್ಕೆ ಎಲ್ಲರೂ ಮರಳಿನ ಮೇಲೆ ಚಾಪೆ ಹಾಸಿ ಸಮುದ್ರಕ್ಕೆ ಮುಖ ಮಾಡಿ ಕೂರಬೇಕು. 'ಅಲೆಯೊಂದಿಗೆ ಉಸಿರಾಡಿ' ಅಂತ ಒಬ್ಬಳು ಹೇಳುತ್ತಾಳೆ. ಅಲೆ ನಿಮಿಷಕ್ಕೆ ಆರು ಬರುತ್ತದೆ, ನಾನು ಎಣಿಸಿದೆ. ಆ ಲೆಕ್ಕದಲ್ಲಿ ಉಸಿರಾಡುವ ರೋಗಿಯನ್ನು ನಾನಾಗಿದ್ದರೆ ತಕ್ಷಣ ಆಕ್ಸಿಜನ್ನಿಗೆ ಹಾಕಿಸುತ್ತಿದ್ದೆ. ಹನ್ನೊಂದಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ನನ್ನ ಬೆನ್ನು ಮುಟ್ಟಿದ ಹುಡುಗಿಗೆ ಬೆನ್ನುಮೂಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದೇ ಗೊತ್ತಿಲ್ಲ. ನಾನೇ ಎದ್ದು ಕೂತು ಪಾಠ ಮಾಡಿದೆ. ಸಮುದ್ರವಂತೂ ನೋಡಿದಷ್ಟು ಸಲವೂ ಒಂದೇ. ನೀಲಿ, ಬಿಳಿ, ನೀಲಿ, ಬಿಳಿ, ಆಸ್ಪತ್ರೆಯ ಪರದೆಯ ಹಾಗೆ.

ಏಳನೇ ಕುಟೀರದಲ್ಲಿ ಗಂಡ ಹೆಂಡತಿ ಇಬ್ಬರಿದ್ದಾರೆ. ಅವತ್ತು ಕುರ್ಚಿಯಿಂದ ಜಾರಿದನಲ್ಲ, ಅವನೇ ಗಂಡ. ಯಾವಾಗಲೂ ಹುಲ್ಲಿನ ಟೋಪಿ. ಯಾವುದೋ ಕಂಪನಿಯಲ್ಲಿ ಮೇಲಧಿಕಾರಿಯಾಗಿದ್ದನಂತೆ, ಇಳಿದ ಮೇಲೂ ಕುರ್ಚಿ ಬಿಟ್ಟಿಲ್ಲ. ಹೆಂಡತಿ ತಟ್ಟೆಗೆ ಕೈ ಹಾಕುವ ಮೊದಲೇ "ಮೀನು ಅವಳಿಗೆ ಆಗಲ್ಲ" ಅನ್ನುತ್ತಾನೆ. ದೋಣಿ ವಿಹಾರಕ್ಕೆ ಕರೆದರೆ "ಅವಳಿಗೆ ಬಿಸಿಲು ಇಷ್ಟ ಇಲ್ಲ." ಆ ಹೆಂಗಸಿನ ಬಾಯಲ್ಲಿ ಹಲ್ಲು ಇದೆಯೋ ಇಲ್ಲವೋ ಹತ್ತು ದಿನವಾದರೂ ನನಗೆ ಗೊತ್ತಾಗಿಲ್ಲ. ಇಂಥವರನ್ನು ಕಂಡರೆ ನನ್ನ ಮೈ ಉರಿಯುತ್ತದೆ.

ಉದ್ದವಾಗಿ ಬರಿ. ಮೊನ್ನೆಯದು ಕಾಗದವೋ, ಅಂಗಡಿಯ ಚೀಟಿಯೋ?

ಅಕ್ಕ


ಮಾರ್ಚ್ ೧೮, ಸೋಮವಾರ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಕೆಲಸ ಜಾಸ್ತಿ. ನೀಲಿ ಸ್ವೆಟರ್ ಕೊಡುವುದಿಲ್ಲ, ನನಗೆ ಅದು ಇಷ್ಟ.

ಗುಬ್ಬಿ


ಮಾರ್ಚ್ ೨೧, ಗುರುವಾರ

ಗುಬ್ಬಿ,

ಮಂಗಳವಾರದ ದೋಣಿಯಲ್ಲಿ ನಿನ್ನ ಕಾಗದವಿರಲಿಲ್ಲ. ಇರಲಿ, ನಾನಿಲ್ಲದೆ ನೀನು ಮನೆಯಲ್ಲಿ ದಿಕ್ಕು ತೋಚದೆ ಕೂತಿರುತ್ತೀಯ, ಬರೆಯಲು ಏನಿರುತ್ತದೆ? ಇಲ್ಲೊಂದು ತಮಾಷೆ ನಡೆಯಿತು, ಅದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ.

ನಿನ್ನೆ ಹತ್ತು ಗಂಟೆಗೆ ನಾನು ದಡದಲ್ಲಿ ಹಳೆಯ ಪತ್ರಿಕೆ ಓದುತ್ತಿದ್ದೆ. ಏಳನೇ ಕುಟೀರದ ಹೆಂಗಸು ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನೆಟ್ಟಗೆ ನೀರಿಗೆ ಇಳಿದಳು. ಮೊಣಕಾಲು, ಸೊಂಟ, ಆಮೇಲೆ ಎದೆಮಟ್ಟ. ಸುಮ್ಮನೆ ನಿಂತುಕೊಂಡಳು, ಅಷ್ಟೇ. ಅಲೆ ಬಂದಾಗ ಸ್ವಲ್ಪ ಎತ್ತುತ್ತಿತ್ತು, ಮತ್ತೆ ಇಳಿಸುತ್ತಿತ್ತು. ಟೋಪಿ ಮಹಾಶಯ ಅಷ್ಟರಲ್ಲಿ ಬಂದ. ಮೌನ ಗೀನ ಎಲ್ಲ ಗಾಳಿಗೆ ಹೋಯಿತು. "ಮೇಲೆ ಬಾ! ಬಾ ಅಂದೆ!" ಅಂತ ಕಿರುಚಾಟ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ಯಾರನ್ನಾದ್ರೂ ಕಳಿಸಿ, ಎಳ್ಕೊಂಡು ಬರ್ಲಿ. ಅವಳಿಗೆ ನೀರು ಅಂದ್ರೆ ಇಷ್ಟಾನೇ ಇಲ್ಲ," ಅಂದ.

ನಾನು ಎದ್ದು ಹೋಗಿ ಅವನ ಎದುರಿಗೆ ನಿಂತೆ.

"ಎದೆಮಟ್ಟ ನೀರಲ್ಲಿ ನಗ್ತಾ ನಿಂತಿದ್ದಾರೆ. ಇಷ್ಟ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಮೂವತ್ತು ವರ್ಷ ಸಂಸಾರ ಮಾಡಿದೀನಿ ಮೇಡಂ. ನನಗೆ ಗೊತ್ತಿಲ್ವಾ?"

"ಅವರ ಬಾಯಿ ಅವರ ಹತ್ರಾನೇ ಇದೆಯಲ್ಲ. ಅವರನ್ನೇ ಕೇಳಿ."

ನೀರಿನಿಂದ ಆ ಹೆಂಗಸು ಕೂಗಿ ಹೇಳಿದಳು: "ರೀ, ನೀವು ಟೋಪಿ ಹಿಡ್ಕೊಂಡು ನೆರಳಲ್ಲಿ ಕೂತ್ಕೊಳ್ಳಿ. ನಾನು ಬರ್ತೀನಿ, ಬರಬೇಕು ಅನ್ನಿಸಿದಾಗ." ಅವಳಿಗೆ ಹಲ್ಲುಗಳಿವೆ ಗುಬ್ಬಿ, ಒಳ್ಳೆಯ ಹಲ್ಲುಗಳು! ಅಡಿಗೆಯವನು ಬಾಗಿಲಿಗೆ ಬಂದು ನಿಂತು ನಕ್ಕ.

ಮಧ್ಯಾಹ್ನ ಊಟಕ್ಕೆ ಅವಳು ನನ್ನ ಮೇಜಿಗೆ ಬಂದು ಕೂತು ಮೀನು ತಿಂದಳು. ಟೋಪಿಯವನು ದೂರದಲ್ಲಿ ಒಬ್ಬನೇ ಕೂತು ಸೂಪಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಒಂದು ಚೂರೂ ಮರುಕ ಬರಲಿಲ್ಲ. ಇನ್ನೊಬ್ಬರ ನಾಲಿಗೆಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವವರು ಹೇಡಿಗಳು. ಪ್ರೀತಿ ಅನ್ನುತ್ತಾರೆ, ಕಾಳಜಿ ಅನ್ನುತ್ತಾರೆ. ಒಳಗಿರುವುದು ಬರೀ ಹೆದರಿಕೆ.

ಈ ಕಾಗದ ಓದಿ ನೀನು ನಗುತ್ತೀಯ ಅಂತ ಗೊತ್ತು.

ಅಕ್ಕ


ಮಾರ್ಚ್ ೨೫, ಸೋಮವಾರ

ಅಕ್ಕಾ,

ನಗಲಿಲ್ಲ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. 'ಅವಳಿಗೆ ಇಷ್ಟ ಇಲ್ಲ' ಅನ್ನುವ ಮಾತು ಬರೆಯುವಾಗ ನಿನ್ನ ಕೈ ನಡುಗಿದ ಗುರುತೇನಾದರೂ ಇದೆಯಾ ಅಂತ ಹುಡುಕಿದೆ. ಇಲ್ಲ. ಅಕ್ಷರ ಗುಂಡಗೆ, ಚೆನ್ನಾಗಿದೆ. ಅಂದರೆ ನಿನಗೆ ನೆನಪೇ ಇಲ್ಲ. ಇಲ್ಲವೇ, ನೆನಪಿದ್ದೂ ಅದು ನಿನಗೆ ಲೆಕ್ಕಕ್ಕಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಅಸಹ್ಯ ಅಂತ ನನಗಿನ್ನೂ ತೀರ್ಮಾನಿಸಲು ಆಗಿಲ್ಲ.

ನಾನೇ ಹೇಳುತ್ತೇನೆ. ಹೋದ ವರ್ಷ ಗಡಿಯಾರ ರಿಪೇರಿಯವರು ನಮ್ಮ ಅಂಗಡಿಗೆ ಬಂದರು. ಸಣ್ಣ ಸ್ಕ್ರೂ ಕಾಣಿಸುತ್ತಿಲ್ಲ, ಕನ್ನಡಕ ಬೇಕು ಅಂದರು. ಕತ್ತಲೆ ಕೋಣೆಯಲ್ಲಿ ಕೂರಿಸಿ ಗಾಜು ಬದಲಾಯಿಸುತ್ತಾ, "ಕೆಳಗಿನ ಸಾಲು ಓದಿ," ಅಂದೆ. ಓದಲಿಲ್ಲ. "ನೀವು ಬೇಡ ಅಂದಿದ್ರಂತಲ್ಲ, ಅದಕ್ಕೇ ಮತ್ತೆ ಆ ಕಡೆ ಬರಲಿಲ್ಲ. ತಪ್ಪು ತಿಳ್ಕೋಬೇಡಿ," ಅಂದರು.

"ನಾನು ಯಾವಾಗ ಬೇಡ ಅಂದೆ?"

"ನಿಮ್ಮನೆ ಬಾಗಿಲಿಗೆ ಬಂದು ಕೇಳಿದ್ದೆನಲ್ಲ. ಅವಳಿಗೆ ಇಷ್ಟ ಇಲ್ಲ ಅಂದ್ರು ನಿಮ್ಮಕ್ಕ."

ಇಪ್ಪತ್ತೆರಡು ವರ್ಷ ಅಕ್ಕಾ. ಆಗ ನನಗೆ ಇಪ್ಪತ್ತೊಂಬತ್ತು. ಅವರು ಬರುತ್ತಾರೆ ಅಂತ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದು ನಿನಗೆ ಗೊತ್ತಿತ್ತು. "ಬಂದಿದ್ರಾ?" ಅಂತ ನಿನ್ನನ್ನೇ ಕೇಳಿದೆ. "ಅಂಥವರು ಎಲ್ಲಿ ಬರ್ತಾರೆ, ಮರ್ತುಬಿಡು," ಅಂದೆ. ಆ ರಾತ್ರಿ ನನ್ನ ತಲೆ ನೇವರಿಸಿದ್ದೂ ನೀನೇ.

ಅದನ್ನು ಮಾಡಿದವಳು ಈಗ ಸಮುದ್ರದ ದಂಡೆಯಲ್ಲಿ ನಿಂತು ಯಾರದೋ ಗಂಡನಿಗೆ 'ಅವರನ್ನೇ ಕೇಳಿ' ಅಂದಳಂತೆ. ಅಡಿಗೆಯವನು ನಕ್ಕನಂತೆ. ನಾನು ಅಲ್ಲಿದ್ದಿದ್ದರೆ ಅವನಿಗಿಂತ ಜೋರಾಗಿ ನಗುತ್ತಿದ್ದೆ.

ನಿನ್ನನ್ನು ದ್ವೀಪಕ್ಕೆ ಕಳಿಸಿದ್ದು ಪ್ರೀತಿಯಿಂದ ಅಂದುಕೊಂಡಿದ್ದೀಯ. ನೀನು ಹೊರಡುವ ಹಿಂದಿನ ವಾರವೇ ನೋಂದಣಿ ಕಚೇರಿಯಲ್ಲಿ ಮದುವೆಯ ನೋಟಿಸ್ ಹಾಕಿದ್ದೆ, ಆಮೇಲೆ ಮೂವತ್ತು ದಿನ ಕಾಯಬೇಕು. ಅಷ್ಟೂ ದಿನ ನಿನ್ನ ಮುಖ ನೋಡಿಕೊಂಡು ಇರಲು ನನ್ನಿಂದ ಆಗುತ್ತಿರಲಿಲ್ಲ. ನೀನು ತಡೆಯುತ್ತೀಯ ಅನ್ನುವ ಹೆದರಿಕೆಯಿಂದಲ್ಲ. ನೀನು ಮೂಗು ಮುರಿಯುತ್ತೀಯ, ಅವರಿಗೊಂದು ಅಡ್ಡಹೆಸರು ಇಡುತ್ತೀಯ, ಐವತ್ತೊಂದಕ್ಕೆ ಮದುವೆಯಾ ಅಂತ ನಗುತ್ತೀಯ, ನಾನು ಎಂದಿನ ಹಾಗೆ ತಲೆ ತಗ್ಗಿಸುತ್ತೇನೆ. ಆ ನನ್ನನ್ನು ಇನ್ನೊಂದು ಸಲ ನೋಡುವುದು ನನಗೆ ಬೇಡವಾಗಿತ್ತು.

ಗುರುವಾರ ಹನ್ನೊಂದು ಗಂಟೆಗೆ ರುಜು. ಈ ಕಾಗದ ನಿನ್ನ ಕೈ ಸೇರುವುದು ಶುಕ್ರವಾರ. ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ. ಬೀರು ಖಾಲಿ ಮಾಡಿದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು. ಮನೆಯ ಬೀಗದ ಕೈ ಪಕ್ಕದ ಮನೆಯಲ್ಲಿದೆ.

ತಂಗಿ


ಮಾರ್ಚ್ ೨೯, ಶುಕ್ರವಾರ

ಗುಬ್ಬಿ,

ಹಾಗೆ ಕರೆಯಬಹುದೋ ಇಲ್ಲವೋ ತಿಳಿಯದು. ಬೇರೆ ಹೇಗೆ ಕರೆಯಬೇಕೆಂದೂ ಗೊತ್ತಿಲ್ಲ.

ದೋಣಿ ಹೊರಡುವುದಕ್ಕೆ ಒಂದು ಗಂಟೆ ಇದೆ. ಮ್ಯಾನೇಜರಿಗೆ ತಡೆದು ನಿಲ್ಲಿಸಲು ಹೇಳಿದ್ದೇನೆ. ಇವತ್ತು ನಾನು ಪಿಸುಗುಟ್ಟಿದೆ, ಅವನೇ "ಏನಂದ್ರಿ ಮೇಡಂ?" ಅಂತ ಜೋರಾಗಿ ಕೇಳಬೇಕಾಯಿತು.

ನೆನಪಿತ್ತು. ಮರೆತಿರಲಿಲ್ಲ. ಲೆಕ್ಕಕ್ಕಿಲ್ಲದೆಯೂ ಇರಲಿಲ್ಲ. ಟೋಪಿಯವನ ವಿಷಯ ಬರೆಯುವಾಗ ಮಾತ್ರ ಅದು ನನ್ನದೇ ಕಥೆ ಅಂತ ಹೊಳೆಯಲೇ ಇಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಅವತ್ತು ಭಾನುವಾರ. ಅಮ್ಮ ಹಾಸಿಗೆ ಹಿಡಿದು ಆರು ತಿಂಗಳಾಗಿತ್ತು. ನೀನು ಔಷಧಿ ತರಲು ಹೋಗಿದ್ದೆ. ನಾನು ಅಮ್ಮನ ಬೆಡ್‌ಪ್ಯಾನ್ ತೊಳೆಯುತ್ತಿದ್ದಾಗ ಬಾಗಿಲು ಬಡಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲರಿನ ಒಂದು ತುದಿ ಸುಟ್ಟು ಕಂದಾಗಿತ್ತು. ಅವರೇ ಇಸ್ತ್ರಿ ಮಾಡಿಕೊಂಡಿರಬೇಕು. "ನಿಮ್ಮ ತಂಗಿನ ಮದುವೆ ಆಗಬೇಕು ಅಂತಿದೀನಿ. ದೊಡ್ಡೋರು ಅಂತ ನಿಮ್ಮನ್ನ ಕೇಳೋಕೆ ಬಂದೆ," ಅಂದರು. ನನ್ನ ಕೈ ಒದ್ದೆ ಇತ್ತು. ಮುಂದಿನ ವಾರದಿಂದ ನನಗೆ ರಾತ್ರಿ ಪಾಳಿ. ನೀನು ಹೋದರೆ ಆ ಪಾತ್ರೆ, ಆ ಕೋಣೆ, ಆ ವಾಸನೆ, ನಾನೊಬ್ಬಳೇ. ಅಷ್ಟು ತಲೆಯಲ್ಲಿ ಓಡುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. "ಅವಳಿಗೆ ಇಷ್ಟ ಇಲ್ಲ," ಅಂದೆ. ಅವರು ತಲೆಯಾಡಿಸಿ ಹೋದರು. ಜಗಳ ಆಡಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ. ಅವರು ಜಗಳವಾಡದೇ ಹೋದದ್ದಕ್ಕೆ ಅವರ ಮೇಲೆ ನನಗೆ ತಾತ್ಸಾರ ಹುಟ್ಟಿತು. ಮುಳ್ಳಪ್ಪ ಅಂತ ಹೆಸರಿಟ್ಟದ್ದು ಅವತ್ತೇ ಸಂಜೆ. ಕೈಲಾಗದ ಗಂಡಸು ಅಂತ ನನಗೆ ನಾನೇ ಇಷ್ಟು ವರ್ಷ ಹೇಳಿಕೊಂಡೆ, ಇಲ್ಲದಿದ್ದರೆ ನಿನ್ನ ಎದುರಿಗೆ ಕೂತು ಊಟ ಮಾಡಲು ಆಗುತ್ತಿರಲಿಲ್ಲ.

ಅಮ್ಮ ಹೋದ ಮೇಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಅವರ ಮದುವೆಯಾಗಿ ಒಂದು ಮಗುವೂ ಇತ್ತು. ಇನ್ನು ಹೇಳಿ ಏನು ಪ್ರಯೋಜನ ಅಂತ ಸುಮ್ಮನಾದೆ.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ವಾರದ ನಂತರ ಅವರು ನಿನ್ನ ಹೆಸರಿಗೆ ಒಂದು ಕಾಗದ ಬರೆದರು. ನಾನು ಒಡೆದು ಓದಿ, ಹರಿದು ಹಾಕಿದೆ. ಮೂರೇ ಸಾಲು. ಇಷ್ಟು ವರ್ಷ ಅದು ನನ್ನ ತಲೆಯಲ್ಲೇ ಕೂತಿದೆ. ನಿನ್ನದನ್ನು ನಿನಗೆ ಒಪ್ಪಿಸುತ್ತೇನೆ:

'ನೀವು ಬೇಡ ಅಂದಿರಿ ಎಂದು ತಿಳಿಯಿತು. ಅದನ್ನು ನಿಮ್ಮ ಬಾಯಿಂದ ಒಂದು ಸಲ ಕೇಳಿದರೆ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ. ನಿಮ್ಮ ಅಕ್ಕನವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವರಿಗೂ ಕಷ್ಟವಿದೆ.'

ದೋಣಿಯವನು ಕೂಗುತ್ತಿದ್ದಾನೆ. ನಿನ್ನೆ ಹನ್ನೊಂದು ಗಂಟೆಗೆ ನಾನು ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಮಲಗಿದ್ದೆ.

ಅಕ್ಕ


ಏಪ್ರಿಲ್ ೨, ಮಂಗಳವಾರ

ಅಕ್ಕಾ,

ರುಜು ಆಯಿತು. ನನ್ನ ಕಡೆಯ ಸಾಕ್ಷಿ ನಮ್ಮ ಅಂಗಡಿಯ ಯಜಮಾನರು, ಅವರ ಕಡೆಯಿಂದ ಅವರ ಮಗಳು ಮತ್ತು ಪಕ್ಕದ ಅಂಗಡಿಯವರು. ಅವಳು ನನ್ನನ್ನು ಏನಂತ ಕರೆಯಬೇಕೋ ತಿಳಿಯದೆ ಕೊನೆಗೆ 'ಕನ್ನಡಕದ ಆಂಟಿ' ಅಂದಳು. ಎಲ್ಲರೂ ನಕ್ಕೆವು. ನಾನು ನೀಲಿ ಸ್ವೆಟರ್ ಹಾಕಿಕೊಂಡಿದ್ದೆ. ಒಪ್ಪುತ್ತಿತ್ತು.

ನಿನ್ನ ಕಾಗದವನ್ನು ಅವರಿಗೆ ತೋರಿಸಿದೆ. ಕಾಗದ ಬರೆದಿದ್ದ ವಿಷಯ ಅವರು ನನಗೆ ಹೇಳಿರಲೇ ಇಲ್ಲ. ಯಾಕೆ ಹೇಳಲಿಲ್ಲ ಅಂದರೆ, "ಅದನ್ನೂ ಹೇಳಿದ್ರೆ ನೀನು ನಿಮ್ಮಕ್ಕನ ಜೊತೆ ಒಂದೇ ಮನೇಲಿ ಇರೋಕಾಗ್ತಿರಲಿಲ್ಲ," ಅಂದರು. ಆಮೇಲೆ ಹೊಸ ಕನ್ನಡಕ ಹಾಕಿಕೊಂಡು ಆ ಮೂರು ಸಾಲನ್ನು ಎರಡು ಸಲ ಓದಿದರು.

"ನಾನು ಬರೆದಿದ್ದು ಎರಡೇ ಸಾಲು," ಅಂದರು.

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ನೆನಪು ಮಾಡ್ಕೊಳ್ಳೋದೇನು? ಆಗ ನನಗೆ ನಿಮ್ಮಕ್ಕನ ಮೇಲೆ ಮೈಯೆಲ್ಲ ಸಿಟ್ಟಿತ್ತು. ಕೋಪ ಮಾಡ್ಕೋಬೇಡಿ ಅಂತ ನಾನ್ಯಾಕೆ ಬರೀಲಿ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ತಪ್ಪೊಪ್ಪಿಕೊಳ್ಳುವ ಕಾಗದದಲ್ಲೂ ನಿನಗೆ ಕೈ ಸುಮ್ಮನಿರಲಿಲ್ಲ ಅಲ್ಲವಾ? ಒಂದು ಸಲ ನನ್ನ ಬಾಯಲ್ಲಿ ನಿನ್ನ ಮಾತು ತುರುಕಿದೆ. ಈಗ ಅವರ ಬಾಯಲ್ಲಿ. ಅದೂ ಎಂಥ ಮಾತು! ಕ್ಷಮೆ ನಿನಗೆ ಬೇಕು, ಕೇಳುವುದಕ್ಕೆ ಮಾತ್ರ ಅವರು ಬೇಕು. ನೀನು ಯಾರನ್ನು ಹೇಡಿ ಅಂದಿದ್ದೆ, ನೆನಪು ಮಾಡಿಕೋ.

ಇನ್ನೊಂದು ಮಾತು. ಉಳಿದದ್ದೆಲ್ಲ ನಿಜ ಅಂತ ಅವರೇ ಹೇಳಿದರು. ಕಾಲರ್ ಸುಟ್ಟಿದ್ದೂ ನಿಜವಂತೆ. ಇಪ್ಪತ್ತೆರಡು ವರ್ಷ ನೀನು ಅದನ್ನು ನೆನಪಿಟ್ಟುಕೊಂಡೆ ಅಂದಾಗ ಅವರಿಗೆ ಯಾಕೋ ಪಾಪ ಅನ್ನಿಸಿತಂತೆ. ನನಗೆ ಅನ್ನಿಸಲಿಲ್ಲ.

ಇಲ್ಲಿಗೆ ನೀನು ಬರಬೇಕಾದರೆ ನಿನ್ನ ಮಾತು ನೀನೇ ತೆಗೆದುಕೊಂಡು ಬಾ. ಯಾರ ಹೆಸರಲ್ಲೂ ಬರಬೇಡ. ನಾವು ಅವರ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದೇವೆ. ಭಾನುವಾರ ಇಬ್ಬರಿಗೂ ರಜೆ.

ತಂಗಿ


ಏಪ್ರಿಲ್ ೫, ಶುಕ್ರವಾರ

ತಂಗೀ,

ಮೂರನೇ ಸಾಲು ನನ್ನದು.

ಬರೆಯುವಾಗ ಸುಳ್ಳು ಅಂತ ಗೊತ್ತಿತ್ತು. ಮೂವತ್ತನಾಲ್ಕು ವರ್ಷ ಡಾಕ್ಟರು ಕೈ ಚಾಚುವ ಮೊದಲೇ ಯಾವ ಕತ್ತರಿ ಬೇಕು ಅಂತ ನಾನೇ ತೀರ್ಮಾನಿಸಿ ಇಟ್ಟವಳು. ಎಲ್ಲರೂ ಅದನ್ನು ಜಾಣತನ ಅಂದರು. ನಾನೂ ಹಾಗೇ ನಂಬಿದೆ. ಬೇಡದ ಕಡೆ ಅದನ್ನೇ ಮಾಡಿಕೊಂಡು ಬಂದೆ. ಈ ಇಡೀ ದಂಡೆಯಲ್ಲಿ ನಾನು ಹೀಯಾಳಿಸದೆ ಬಿಟ್ಟ ಒಂದು ಪ್ರಾಣಿ ಇರಲಿಲ್ಲ. ಬಿಟ್ಟಿದ್ದು ನನ್ನೊಬ್ಬಳನ್ನೇ. ನೀನು ಆ ಕೊರತೆ ತುಂಬಿಸಿದೆ, ಚೆನ್ನಾಗಿಯೇ ತುಂಬಿಸಿದೆ.

ಇವತ್ತಿನ ದೋಣಿಗೇ ನಾನೂ ಹೊರಟಿದ್ದೇನೆ. ಕಾಗದ ನನಗಿಂತ ಮುಂಚೆ ತಲುಪುವುದಿಲ್ಲ, ಆದ್ದರಿಂದ ನನ್ನ ಕೈಯಲ್ಲೇ ತರುತ್ತೇನೆ. ಭಾನುವಾರ ಬರುತ್ತೇನೆ. ಬಾಗಿಲು ತೆಗೆಯುವುದೂ ಬಿಡುವುದೂ ನಿನ್ನಿಷ್ಟ. ತೆಗೆಯದಿದ್ದರೆ ಕೆಳಗಿನಿಂದ ತೂರಿಸಿ ಹೋಗುತ್ತೇನೆ.

ಕೋಪ ಮಾಡಿಕೋ. ಎಷ್ಟು ದಿನ ಬೇಕೋ ಅಷ್ಟು ದಿನ ಮಾಡಿಕೋ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಹೇಳುತ್ತಿದ್ದೇನೆ.

ಅಕ್ಕ